ಹಳೇ ಕಾರ್ಟೂನ್‌ನ ಹೊಸ ಗ್ರಾಫಿಕ್ಸ್ ಅವತಾರ: ನಿಮ್ಮ ಮಕ್ಕಳಿಗೆ ಯಾವುದು ತೋರಿಸಿದ್ರಿ? (ಅನುಭವ ಹಂಚಿಕೆ)

ಕೇಳಿದವರು: ನಾಲ್ಕು ವರ್ಷದ ಮಗನ ಅಪ್ಪ

ನನ್ನ ಮಗನಿಗೆ ರೈಲು ಅಂದ್ರೆ ಪ್ರಾಣ. ಥಾಮಸ್ ಅಂಡ್ ಫ್ರೆಂಡ್ಸ್‌ನ ಕಂಪ್ಯೂಟರ್ ಗ್ರಾಫಿಕ್ಸ್ ಕಂತುಗಳನ್ನ ಎವೆ ಮುಚ್ಚದೆ ನೋಡ್ತಾನೆ. ನಾನು ಚಿಕ್ಕವನಿದ್ದಾಗ ನೋಡಿದ್ದು 1984ರಲ್ಲಿ ಶುರುವಾದ ಮೂಲ ಸರಣಿ, ಮಾದರಿ ರೈಲುಗಳನ್ನ ನಿಜವಾಗ್ಲೂ ಹಳಿ ಮೇಲೆ ಓಡಿಸಿ ತೆಗೆದಿದ್ದು. ಮೊನ್ನೆ ಭಾನುವಾರ ಭಾರೀ ಉತ್ಸಾಹದಿಂದ ಅದನ್ನ ಹಾಕಿದೆ. ಎರಡು ನಿಮಿಷ ನೋಡಿ, "ಅಪ್ಪಾ, ಇದರ ಬಾಯಿ ಯಾಕೆ ಅಲ್ಲಾಡಲ್ಲ? ಕೆಟ್ಟೋಗಿದ್ಯಾ?" ಅಂತ ಕೇಳಿ ಎದ್ದು ಹೋದ.

ಹೊಸದು ನನಗೆ ಪ್ಲಾಸ್ಟಿಕ್ ಪ್ಲಾಸ್ಟಿಕ್ ಅನಿಸತ್ತೆ. ಮೊದಲು ಹಳೇದನ್ನೇ ತೋರಿಸ್ಬೇಕಿತ್ತಾ? ಗ್ರಾಫಿಕ್ಸ್ ಕಾರ್ಟೂನ್ ನೋಡಿದ್ರೆ ಮಕ್ಕಳ ಗಮನ ಹಾಳಾಗತ್ತೆ ಅಂತಾರಲ್ಲ, ಅದು ನಿಜಾನಾ? ನನ್ನ ಹೆಂಡತಿ "ಅವನ ಕಾರ್ಟೂನ್ ಅವನಿಗೆ ಬಿಡಿ, ನಿಮ್ಮದು ನೀವು ನೋಡ್ಕೊಳ್ಳಿ" ಅಂತಾಳೆ. ಅನುಭವ ಇದ್ದವರು ಹೇಳಿ.

ಅವಳಿ ಮಕ್ಕಳ ಅಮ್ಮ

ಸರ್, ನಿಮ್ಮ ಮಗ ಸರಿಯಾದ ಜಾಗಕ್ಕೇ ಕೈ ಹಾಕಿದಾನೆ. ಹಳೇ ಥಾಮಸ್‌ನಲ್ಲಿ ಎಂಜಿನ್‌ಗಳ ಕಣ್ಣು ಮಾತ್ರ ಹೊರಳತ್ತೆ. ಮುಖಭಾವ ಬದಲಾಗ್ಬೇಕಾದ್ರೆ ಇಡೀ ಮುಖವನ್ನೇ ತೆಗೆದು ಬೇರೆ ಮುಖ ಹಾಕ್ತಿದ್ರು. ಎಲ್ಲರ ಮಾತನ್ನೂ ಒಬ್ಬನೇ ನಿರೂಪಕ ಹೇಳ್ತಾನೆ, ಅಂದ್ರೆ ಅದು ನಾಟಕ ಅಲ್ಲ, ಯಾರೋ ಪಕ್ಕದಲ್ಲಿ ಕೂತು ಕಥೆ ಹೇಳಿದ ಹಾಗೆ. ಗ್ರಾಫಿಕ್ಸ್‌ಗೆ ಬಂದ ಮೇಲೆ ಒಂದೊಂದು ಎಂಜಿನ್‌ಗೂ ಬೇರೆ ಬೇರೆ ದನಿ ಬಂತು.

ನಾವು ಮಾಡಿದ್ದು ಇಷ್ಟೇ. ಟಿವಿ ದನಿ ಪೂರ್ತಿ ಬಂದ್ ಮಾಡಿ, ಕಥೆ ನಾವೇ ಕನ್ನಡದಲ್ಲಿ ಹೇಳೋದು. ಬಾಯಿ ಅಲ್ಲಾಡದ ಕಾರಣಕ್ಕೇ ಇದು ಸಲೀಸು, ತುಟಿಗೂ ಮಾತಿಗೂ ಹೊಂದಿಸೋ ತಲೆನೋವೇ ಇಲ್ಲ. ನನ್ನ ಥಾಮಸ್ ಸ್ವಲ್ಪ ಜಂಬದವನು, ಗೋರ್ಡನ್ ಅನ್ನೋ ದೊಡ್ಡ ಎಂಜಿನ್ ನಮ್ಮ ದೊಡ್ಡಪ್ಪನ ಥರ ಗದರ್ತಾನೆ. ಹೊಸ ಕಂತಿನಲ್ಲಿ ಹೀಗೆ ಮಾಡೋಕೆ ಹೋಗಿ ಸೋತೆ, ಅವು ಬಾಯಿ ಮುಚ್ಚೋದೇ ಇಲ್ಲ.

ಒಂದು ಎಚ್ಚರಿಕೆ. ಮಳೆ ಬಿದ್ರೆ ಬಣ್ಣ ಹಾಳಾಗತ್ತೆ ಅಂತ ಹೆನ್ರಿ ಅನ್ನೋ ಎಂಜಿನ್ ಸುರಂಗದಿಂದ ಹೊರಗೆ ಬರಲ್ಲ ಅಂತಾನಲ್ಲ, ಆಗ ಅವನ ಮುಂದೆ ಇಟ್ಟಿಗೆ ಗೋಡೆ ಕಟ್ಟಿ ಅಲ್ಲೇ ಬಿಟ್ಟುಬಿಡ್ತಾರೆ. ಅದು ಮೊದಲ ಸರಣಿಯದೇ ಕಂತು. ನನ್ನ ಒಬ್ಬ ಮಗ ಅವತ್ತು ರಾತ್ರಿ ಬಾಗಿಲು ಹಾಕೋಕೆ ಬಿಡ್ಲಿಲ್ಲ. ಹಳೇದು ಅಂದ ತಕ್ಷಣ ಮೆತ್ತಗಿರತ್ತೆ ಅಂದ್ಕೋಬೇಡಿ.

ಅನಿಮೇಷನ್ ಕೆಲಸದವನು

ಈ ಕ್ಷೇತ್ರದಲ್ಲಿ ಹನ್ನೆರಡು ವರ್ಷ ಆಯ್ತು, ರಿಗ್ಗಿಂಗ್ ನನ್ನ ಕೆಲಸ. ರಿಗ್ ಅಂದ್ರೆ ಕಂಪ್ಯೂಟರ್‌ನಲ್ಲಿ ಮಾಡಿದ ಪಾತ್ರದ ಒಳಗೆ ಹಾಕೋ ಮೂಳೆ, ಕೀಲು. ಅನಿಮೇಟರ್ ಎಳೆದು ಕುಣಿಸೋದು ಅದನ್ನೇ. "ಪ್ಲಾಸ್ಟಿಕ್ ಅನಿಸತ್ತೆ" ಅಂತ ಎಲ್ರೂ ಹೊಳಪನ್ನ ಬೈತಾರೆ. ನನ್ನ ಪ್ರಕಾರ ತಪ್ಪು ಹೊಳಪಿನದಲ್ಲ, ಚಲನೆಯದು.

ಕೈಯಲ್ಲಿ ಬಿಡಿಸೋ ಕಲಾವಿದನಿಗೆ ಟಾಮ್ ಬೆಕ್ಕಿನ ಮುಖವನ್ನ ಬಾಣಲೆ ಆಕಾರಕ್ಕೆ ತರೋದು ಒಂದು ಚಿತ್ರದ ಕೆಲಸ. ನಮಗೆ ಅದೇ ಒಂದು ಚೇಷ್ಟೆಗೆ ರಿಗ್‌ನಲ್ಲಿ ಮೊದಲೇ ಏರ್ಪಾಡು ಇರ್ಬೇಕು, ಇಲ್ಲಾಂದ್ರೆ ಮುಖ ಹರಿದುಹೋಗತ್ತೆ. ವಾರ ವಾರ ಕಂತು ಕೊಡ್ಬೇಕಾದ ಸರಣಿಯಲ್ಲಿ ಅದಕ್ಕೆಲ್ಲ ಪುರುಸೊತ್ತೆಲ್ಲಿ? ಅದಕ್ಕೇ ಎಷ್ಟೋ ರೀಬೂಟ್‌ಗಳಲ್ಲಿ (ಹಳೇ ಸರಣಿಯನ್ನ ಹೊಸದಾಗಿ ಮಾಡಿದ್ದರಲ್ಲಿ) ಪಾತ್ರಗಳು ನಿಂತ್ಕೊಂಡು ಕೈ ಆಡಿಸ್ತಾ ಮಾತಾಡೋದೇ ಜಾಸ್ತಿ. ಇನ್ನೊಂದು, ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್) ಇದ್ರೂ ಕೈಚಿತ್ರದವರು ಬಹಳ ಸಲ 12 ಚಿತ್ರ ಬಿಡಿಸಿ ಒಂದೊಂದನ್ನೂ ಎರಡು ಚೌಕಟ್ಟಿಗೆ ನಿಲ್ಲಿಸ್ತಾರೆ. ಭಂಗಿ ಕಣ್ಣಲ್ಲಿ ನಿಲ್ಲತ್ತೆ. ಕಂಪ್ಯೂಟರ್ ನಡುವಿನ ಚೌಕಟ್ಟನ್ನೆಲ್ಲ ತಾನೇ ತುಂಬಿಬಿಡತ್ತೆ, ಮತ್ತೆ ಯಾರೂ ಅದನ್ನ ತಿದ್ದದಿದ್ರೆ ಪಾತ್ರ ಎಣ್ಣೆ ಮೇಲೆ ಜಾರಿದ ಹಾಗೆ ಕಾಣತ್ತೆ.

ಇದನ್ನ ಅರ್ಥ ಮಾಡ್ಕೊಂಡು ಮಾಡಿದ್ದು 2015ರ ಪೀನಟ್ಸ್ ಸಿನಿಮಾ. ಗ್ರಾಫಿಕ್ಸ್ ಆದ್ರೂ ಬೇಕಂತಲೇ ಎರಡೆರಡು ಚೌಕಟ್ಟಿಗೆ ಭಂಗಿ ಹಿಡಿದಿಟ್ರು, ಹುಬ್ಬು ಬಾಯಿ ಎಲ್ಲ ಪೆನ್ನಿನ ಗೆರೆಯ ಹಾಗೇ ಉಳಿಸಿಕೊಂಡ್ರು. ಅದರಲ್ಲಿನ ನಾಯಿ ಸ್ನೂಪಿಗೆ ಹೊಸಬರ ದನಿಯೂ ಬೇಡ ಅಂತ, ಹಿಂದೆ ಅದಕ್ಕೆ ದನಿ ಕೊಡ್ತಿದ್ದ, 2008ರಲ್ಲಿ ತೀರಿಕೊಂಡ ಬಿಲ್ ಮೆಲೆಂಡೆಜ್ ಅವರ ಹಳೇ ಧ್ವನಿಮುದ್ರಣವನ್ನೇ ಬಳಸಿದ್ರು. ನಿಮ್ಮ ಮಗನಿಗೆ ಹಳೇದಕ್ಕೂ ಹೊಸದಕ್ಕೂ ನಡುವೆ ಒಂದು ಮೆಟ್ಟಿಲು ಬೇಕಿದ್ರೆ ಇದನ್ನ ತೋರಿಸಿ.

ಪಿಂಗು ಅನ್ನೋ ಪೆಂಗ್ವಿನ್ ಕಾರ್ಟೂನ್ ಕೂಡ ನೋಡಿ. 1990ರ ಸ್ವಿಸ್ ಸರಣಿ ಜೇಡಿಮಣ್ಣಿನ ಗೊಂಬೆಗಳದು, 2017ರಲ್ಲಿ ಜಪಾನಿನವರು ಗ್ರಾಫಿಕ್ಸ್‌ನಲ್ಲಿ ಮಾಡಿದ್ದು ಪಿಂಗು ಇನ್ ದ ಸಿಟಿ. ಅದರಲ್ಲೂ ಮಣ್ಣಿನ ನೆನಪನ್ನ ಬಿಟ್ಟುಕೊಟ್ಟಿಲ್ಲ. ಎರಡರಲ್ಲೂ ಯಾವ ದೇಶದ ಭಾಷೆಯೂ ಇಲ್ಲ, ಬರೀ ಪೆಂಗ್ವಿನ್ ಗೊಣಗಾಟ, ಹಾಗಾಗಿ ಡಬ್ಬಿಂಗ್ ರಗಳೆಯೂ ಇಲ್ಲ.

ಕಂಪನಿಗಳು ಗ್ರಾಫಿಕ್ಸ್‌ಗೆ ಹಾರೋದು ಯಾಕೆ ಅಂತೀರಾ? ಒಂದು ಸಲ ಪಾತ್ರ, ಬೀದಿ, ಮನೆ ಕಟ್ಟಿಟ್ರೆ ನೂರು ಕಂತಿಗೆ ಅದೇ ಬರತ್ತೆ. ದುಬಾರಿ ಆಗೋದು ಕೂದಲು, ನೀರು, ಬಟ್ಟೆ. ಬಾಬ್ ದ ಬಿಲ್ಡರ್‌ಗೆ ಮೊದಲಿಂದಲೂ ಹೆಲ್ಮೆಟ್ ಇದ್ದದ್ದು ನಮ್ಮಂಥವರ ಪುಣ್ಯ! (ಅದರ 2015ರ ರೀಬೂಟ್‌ನಲ್ಲಿ ಮುಖವನ್ನೇ ಬದಲಾಯಿಸಿದ್ದಕ್ಕೆ ಪೋಷಕರು ಸಿಕ್ಕಾಪಟ್ಟೆ ಸಿಟ್ಟಾಗಿದ್ರು. 1999ರ ಬಾಬ್ ಗೊಂಬೆ ಥರ ಇದ್ದ, ಹೊಸಬ ಮನುಷ್ಯನ ಥರ ಆಗೋಕೆ ಹೋಗಿ ಎರಡೂ ಆಗ್ಲಿಲ್ಲ.)

ಶಿಶುವಿಹಾರದ ಟೀಚರ್

ಗಮನದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. 2011ರಲ್ಲಿ ಪೀಡಿಯಾಟ್ರಿಕ್ಸ್ ನಿಯತಕಾಲಿಕದಲ್ಲಿ ಬಂದ ಅಧ್ಯಯನವೊಂದನ್ನು ಹಲವರು ಉಲ್ಲೇಖಿಸುತ್ತಾರೆ. ನಾಲ್ಕು ವರ್ಷದ 60 ಮಕ್ಕಳು, ಮೂರು ಗುಂಪು. ಒಂದು ಗುಂಪು ಓಟದ ಗತಿಯ ಕಾರ್ಟೂನನ್ನು 9 ನಿಮಿಷ ನೋಡಿತು, ಇನ್ನೊಂದು ನಿಧಾನಗತಿಯದನ್ನು ನೋಡಿತು, ಮೂರನೆಯದು ಚಿತ್ರ ಬರೆಯುತ್ತ ಕೂತಿತ್ತು. ಆಮೇಲೆ ತಾಳ್ಮೆಯಿಂದ ಕಾಯುವ, ಯೋಚಿಸಿ ಮಾಡುವ ಕೆಲಸಗಳಲ್ಲಿ ಮೊದಲ ಗುಂಪು ಹಿಂದೆ ಬಿತ್ತು. ಆ ಓಟದ ಕಾರ್ಟೂನ್ ಸ್ಪಂಜ್‌ಬಾಬ್, ಅದು ಗ್ರಾಫಿಕ್ಸ್ ಅಲ್ಲ, ಚಪ್ಪಟೆ (2ಡಿ) ಚಿತ್ರದ್ದೇ. ಅಲ್ಲಿ ಅಳೆದದ್ದೂ ನೋಡಿದ ಕೂಡಲೇ ಆಗುವ ಪರಿಣಾಮವನ್ನಷ್ಟೇ, ವರ್ಷಗಳ ಮೇಲಿನದ್ದಲ್ಲ.

ನಾನು ಒಂದು ನಿಮಿಷದಲ್ಲಿ ದೃಶ್ಯ ಎಷ್ಟು ಸಲ ಕತ್ತರಿಸುತ್ತದೆ ಎಂದು ಎಣಿಸುತ್ತೇನೆ. ಎಣಿಸಲು ನನಗೇ ಉಸಿರು ಕಟ್ಟಿದರೆ ಆ ಕಂತು ಮಲಗುವ ಹೊತ್ತಿಗೆ ಬೇಡ. ಗ್ರಾಫಿಕ್ಸ್‌ನಲ್ಲೂ ಸಾವಕಾಶದವು ಇವೆ, ಹಳೆಯದರಲ್ಲೂ ಗಲಾಟೆಯವು ಇವೆ.

ಮೊಮ್ಮಗಳಿಗೆ ಕಾರ್ಟೂನ್ ತೋರಿಸುವ ತಾತ

ನೆನಪನ್ನು ನಂಬಿ ಮೋಸಹೋದವನ ಮಾತಿದು. ಟಾಮ್ ಅಂಡ್ ಜೆರ್ರಿಯ 1940ರ ದಶಕದ ಕಿರುಚಿತ್ರಗಳನ್ನು "ಇದು ಅಸಲಿ ಮಾಲು ಕಂದಾ" ಎಂದು ಹಾಕಿದೆ. ಸಿಗರೇಟು ಬಂತು. ಆಮೇಲೆ ಮನೆಗೆಲಸದ ಕಪ್ಪು ಹೆಂಗಸನ್ನು ಗೇಲಿ ಮಾಡುವ ರೀತಿ ಬಂತು. ಚಿಕ್ಕಂದಿನಲ್ಲಿ ನಕ್ಕಿದ್ದೆ, ಈಗ ಮೊಮ್ಮಗಳು "ಅವಳ ಮುಖ ಯಾಕೆ ಕಾಣಲ್ಲ ತಾತ?" ಎಂದಾಗ ಮಾತು ಹೊರಡಲಿಲ್ಲ. ಈಗ ಕೆಲವು ಕಡೆ ಆರಂಭದಲ್ಲೇ ಎಚ್ಚರಿಕೆ ಹಾಕುತ್ತಾರೆ, ಓದದೆ ದಾಟಿಸಿದ್ದು ನನ್ನದೇ ತಪ್ಪು. ಅಂದಿನಿಂದ ಮೊದಲು ನಾನೊಬ್ಬನೇ ನೋಡುತ್ತೇನೆ, ಆಮೇಲೆ ಅವಳು.

ಆರು ವರ್ಷದ ಮಗಳ ಅಮ್ಮ

ಹೊಸದರ ಪರ ಒಂದು ಮಾತು. ಹಳೇ ಥಾಮಸ್‌ನ ಮುಖ್ಯ ಎಂಜಿನ್‌ಗಳಲ್ಲಿ ಹುಡುಗಿಯರು ಎಲ್ಲಿ? 2018ರಲ್ಲಿ ಕೀನ್ಯಾದ ನಿಯಾ, ಜೊತೆಗೆ ರೆಬೆಕ್ಕಾ ಮುಖ್ಯ ಗುಂಪಿಗೆ ಬಂದ ಮೇಲೆ ನನ್ನ ಮಗಳು "ನಾನು ನಿಯಾ" ಅಂತ ಮನೆಯೆಲ್ಲ ಓಡಾಡಿದ್ಲು. ಅದನ್ನ ನಾನು ಪ್ಲಾಸ್ಟಿಕ್ ಅಂತ ಹೇಗೆ ಬೈಲಿ? ಆದ್ರೆ ಮಾಯಾ ಜೇನುಹುಳುವಿನ ವಿಷಯದಲ್ಲಿ ನನಗೂ ಬೇಜಾರಿದೆ. 1975ರ ಮಾಯಾ ಗುಂಡುಗುಂಡಗಿದ್ಲು, 2012ರಲ್ಲಿ ಗ್ರಾಫಿಕ್ಸ್‌ಗೆ ಬಂದಾಗ ಸೊಂಟ ಸಣ್ಣ ಮಾಡಿದ್ರು. ಜೇನುಹುಳಕ್ಕೂ ಡಯಟ್ಟಾ?

ಮತ್ತೆ ಅಣ್ಣಾ, ನಿಮ್ಮ "ಹೊಸ" ಥಾಮಸ್ ಈಗ ಹಳಬ ಆಗ್ಬಿಟ್ಟ. 2021ರಲ್ಲಿ ಬಂದ ಆಲ್ ಎಂಜಿನ್ಸ್ ಗೋ ಗ್ರಾಫಿಕ್ಸ್ ಬಿಟ್ಟು ಚಪ್ಪಟೆ ಚಿತ್ರಕ್ಕೇ ಹೋಗಿದೆ. ಥಾಮಸ್ ಅಭಿಮಾನಿಗಳನ್ನ ಕೇಳಿ ನೋಡಿ, "ಅಯ್ಯೋ, ಆ ಗ್ರಾಫಿಕ್ಸ್ ಥಾಮಸ್ ಎಷ್ಟು ಚೆನ್ನಾಗಿತ್ತು" ಅಂತ ಅಳ್ತಾ ಇದಾರೆ.

ಟಿವಿ ಸೆಟ್ಟಿಂಗ್ ಹುಚ್ಚ

ಯಾರೂ ಹೇಳಿಲ್ಲ ಅಂತ ಹೇಳ್ತೀನಿ. ಹೊಸ ಟಿವಿಗಳಲ್ಲಿ ಮೋಷನ್ ಸ್ಮೂದಿಂಗ್ ಅಂತ ಇರತ್ತೆ (ಟಿವಿಯೇ ನಡುವೆ ಚೌಕಟ್ಟು ತುಂಬಿಸಿ ಚಲನೆ ನುಣುಪು ಮಾಡೋದು), ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿರತ್ತೆ. ಅದು ಆನ್ ಇದ್ರೆ ಹಳೇ ಗೊಂಬೆ ಅನಿಮೇಷನ್ ವಿಕಾರವಾಗಿ ತೇಲಾಡತ್ತೆ. ಆಫ್ ಮಾಡಿ. ಹಳೇ ಸರಣಿಯ ಚಿತ್ರದ ಅಳತೆ 4:3 (ಅಗಲ 4 ಪಾಲು, ಎತ್ತರ 3 ಪಾಲು), ಅದನ್ನ ಅಗಲಕ್ಕೆ ಎಳೆದು ತೋರಿಸ್ತಿದ್ರೆ ಥಾಮಸ್ ಕಪ್ಪೆ ಥರ ಚಪ್ಪಟೆ ಆಗ್ತಾನೆ. ಪಕ್ಕದಲ್ಲಿ ಕಪ್ಪು ಪಟ್ಟಿ ಬಂದ್ರೆ ಬರ್ಲಿ.

ಮತ್ತೆ ನಾಲ್ಕು ವರ್ಷದ ಮಗನ ಅಪ್ಪ

ಎಲ್ರಿಗೂ ಥ್ಯಾಂಕ್ಸ್. ಸ್ಮೂದಿಂಗ್ ಆನ್ ಇತ್ತು, ಚಿತ್ರಾನೂ ಎಳೆದಿತ್ತು, ಎರಡೂ ಸರಿ ಮಾಡಿದೆ. ಹೆನ್ರಿ ಕಂತನ್ನ ನಾನೊಬ್ಬನೇ ನೋಡಿ ಸದ್ಯಕ್ಕೆ ಪಕ್ಕಕ್ಕಿಟ್ಟೆ. ಆಮೇಲೆ ಅವಳಿ ಮಕ್ಕಳ ಅಮ್ಮ ಹೇಳಿದ ಹಾಗೆ ದನಿ ಬಂದ್ ಮಾಡಿ ಕಥೆ ಶುರು ಮಾಡಿದೆ. ಮೊದಲ ಕಂತು ಪೂರ್ತಿ ಕೂತ. ಎರಡನೇದಕ್ಕೆ ತಾನೇ ಪರ್ಸಿಗೆ ದನಿ ಕೊಟ್ಟ. ಮೂರನೇದಕ್ಕೆ, "ಅಪ್ಪಾ, ನೀನು ಸುಮ್ನಿರು, ಅಮ್ಮ ಹೇಳ್ಲಿ" ಅಂದ. ಈಗ ಅವರಿಬ್ಬರೂ ನೋಡ್ತಿದಾರೆ, ನಾನು ಇಲ್ಲಿ ಟೈಪ್ ಮಾಡ್ತಿದೀನಿ.