ಇವಾಪರೇಟರ್‌ನಲ್ಲಿ (ಸಮುದ್ರ ನೀರನ್ನು ಸಿಹಿನೀರು ಮಾಡುವ ಪ್ಲಾಂಟ್) ನೀರು ಕಮ್ಮಿ, ಸಲಿನಿಟಿ (ಉಪ್ಪಿನಂಶ) ಅಲಾರ್ಮ್ ನಿಲ್ಲುತ್ತಿಲ್ಲ. ಯಾರಾದರೂ ಹೇಳ್ತೀರಾ?

ಉಳ್ಳಾಲ_ತರ್ಡ್:
ತಲೆ ಕೆಟ್ಟು ಹೋಗಿದೆ. ನಮ್ಮ ಪ್ಯಾಸೆಂಜರ್ ಹಡಗಿನಲ್ಲಿ ಎರಡು ಫ್ಲ್ಯಾಶ್ ಇವಾಪರೇಟರ್ ಇವೆ, ಬಿಸಿ ಸಮುದ್ರ ನೀರನ್ನು ಕಮ್ಮಿ ಒತ್ತಡದಲ್ಲಿ ಒಂದೊಂದೇ ಸ್ಟೇಜ್‌ನಲ್ಲಿ ಆವಿ ಮಾಡಿ, ಆವಿ ತಣಿಸಿ ಸಿಹಿನೀರು ಮಾಡುವ ಥರದ್ದು. ಎರಡೂ ಒಂದೇ ಥರ ಆಟ ಆಡಿಸುತ್ತಿವೆ. ಬರಬೇಕಾದ ನೀರಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬಂದರೆ ಅದೇ ಪುಣ್ಯ. ಬಂದದ್ದರಲ್ಲೂ ಸಲಿನಿಟಿ ಏರುತ್ತದೆ. 10 ಪಿಪಿಎಂ ದಾಟಿದ ಕೂಡಲೇ ಡಂಪ್ ವಾಲ್ವ್ ತಿರುಗಿ ಎಲ್ಲ ನೀರೂ ಸಮುದ್ರಕ್ಕೆ. ಉಪ್ಪು ಅಳೆಯುವ ಪ್ರೋಬ್ ಬದಲಾಯಿಸಿದ್ದೇನೆ. ಸ್ಕೇಲ್ ಕಟ್ಟದ ಹಾಗೆ ಹಾಕುವ ಕೆಮಿಕಲ್ ಡೋಸಿಂಗ್ ಸರಿ ಇದೆ. ವ್ಯಾಕ್ಯೂಮ್ ಅಂತೂ ಮೊದಲಿಗಿಂತ ಚೆನ್ನಾಗಿದೆ. ಮೇಲೆ 3 ಸಾವಿರ ಜನ ಸ್ನಾನ ಮಾಡ್ತಾ ಇದ್ದಾರೆ, ಲಾಂಡ್ರಿ ನಿಲ್ಲುವುದೇ ಇಲ್ಲ, ಟ್ಯಾಂಕ್ ಲೆವೆಲ್ ಇಳಿಯುತ್ತಲೇ ಇದೆ. ಬೆಳಗಿನ ಮೀಟಿಂಗ್‌ನಲ್ಲಿ ಚೀಫ್ ಇಂಜಿನಿಯರ್ ನನ್ನ ಮುಖವನ್ನೇ ನೋಡುತ್ತಾರೆ. ಬೇಗ ಹೇಳಿ.

ಬಾಯ್ಲರ್_ಶುಂಠಿ:
ಸ್ಕೇಲ್. ಬೇರೆ ಏನೂ ಅಲ್ಲ. ಸಮುದ್ರ ನೀರು ಕಾಯಿಸುವ ಬ್ರೈನ್ ಹೀಟರ್ ಟ್ಯೂಬ್ ಒಳಗೆ ಸುಣ್ಣ ಕಟ್ಟಿದೆ. ಸಲ್ಫಾಮಿಕ್ ಆಸಿಡ್ ಕಲಸಿ ಸರ್ಕ್ಯುಲೇಟ್ ಮಾಡಿ.

ಉಳ್ಳಾಲ_ತರ್ಡ್:
ಆಸಿಡ್ ಡ್ರೈಡಾಕ್‌ನಲ್ಲೇ ಆಗಿದೆ. ಈ ತಿಂಗಳು ಮತ್ತೆ ನಾವೇ ಮಾಡಿದೆವು.

ಬಾಯ್ಲರ್_ಶುಂಠಿ:
ಸರಿಯಾಗಿ ಮಾಡಿರಲಿಕ್ಕಿಲ್ಲ. ಎಷ್ಟು ಹೊತ್ತು ಬಿಟ್ಟಿರಿ? ಆಸಿಡ್ ಸುಣ್ಣವನ್ನು ತಿನ್ನುತ್ತಾ ಇದ್ದರೆ ಪಿಎಚ್ ಏರುತ್ತಾ ಹೋಗುತ್ತದೆ. ಅದು ಏರುವುದು ನಿಂತ ಮೇಲೆ ತಾನೇ ಮುಗಿಯಿತು ಅಂತ ಅರ್ಥ? ನೋಡಿದ್ರಾ?

ಪಂಪ್‌ಮನೆ:
ಶುಂಠಿಯವರೇ, ಸ್ಕೇಲ್ ಕಟ್ಟಿದರೆ ನೀರು ಕಮ್ಮಿ ಆಗುತ್ತದೆ, ಒಪ್ಪಿದೆ. ಉಪ್ಪು ಯಾಕೆ ಬರುತ್ತದೆ? ಆವಿಯಲ್ಲಿನ ಉಪ್ಪು ನೀರಿನ ಹನಿ ತಡೆಯುವ ಡೆಮಿಸ್ಟರ್ ಜಾಲರಿ ಜರುಗಿರಬೇಕು. ಇಲ್ಲಾ ಆವಿ ತಣಿಸುವ ಕಂಡೆನ್ಸರ್‌ನ ಸಮುದ್ರ ನೀರಿನ ಟ್ಯೂಬ್ ತೂತಾಗಿರಬೇಕು.

ಬಾಯ್ಲರ್_ಶುಂಠಿ:
ಎರಡೂ ಪ್ಲಾಂಟ್‌ನಲ್ಲಿ ಒಂದೇ ಸಲ ಟ್ಯೂಬ್ ತೂತಾಯ್ತಾ? ಮಾತಾಡಿಕೊಂಡು ತೂತಾದವಾ?

ಪಂಪ್‌ಮನೆ:
ಎರಡರಲ್ಲೂ ಒಂದೇ ಸಲ ಸುಣ್ಣ ಕಟ್ಟಬಹುದಂತೆ, ಟ್ಯೂಬ್ ಮಾತ್ರ ತೂತಾಗಬಾರದಂತೆ!

ಮೆಂಬ್ರೇನ್_ಮಂಜ:
2026ರಲ್ಲೂ ಇವಾಪರೇಟರ್ ನಂಬಿಕೊಂಡು ಕೂತಿದ್ದೀರಲ್ಲ ಮಾರಾಯ್ರೇ. ಆರ್‌ಒ (ಸಮುದ್ರ ನೀರನ್ನು ಜೋರಾಗಿ ಒತ್ತಿ ಮೆಂಬ್ರೇನ್‌ನಲ್ಲಿ ಸೋಸುವ ಪ್ಲಾಂಟ್) ಹಾಕಿಸಿ. 60 ಬಾರ್ ಪಂಪ್ ಆನ್ ಮಾಡಿದರೆ ಮುಗಿಯಿತು. ವ್ಯಾಕ್ಯೂಮ್ ಇಲ್ಲ, ಅದಕ್ಕೆ ಗಾಳಿ ಎಳೆಯುವ ಎಜೆಕ್ಟರ್ ಇಲ್ಲ, ಆಸಿಡ್ ಗಲಾಟೆ ಇಲ್ಲ.

ಪಂಪ್‌ಮನೆ:
ಇವನ ಹಡಗು ಸಮುದ್ರದಲ್ಲಿದೆ, ನೀನು ಹೊಸ ಪ್ಲಾಂಟ್ ಮಾರುತ್ತಿದ್ದೀಯ. ಎಂಜಿನ್ ತಣಿಸಿ ಬಿಸಿಯಾಗಿ ಬರುವ ಎಚ್‌ಟಿ ನೀರಿನಲ್ಲಿ ಬಿಸಿ ಹೇಗೂ ಪುಕ್ಕಟೆ ಸಿಗುತ್ತದೆ. ಆರ್‌ಒ ಪಂಪ್‌ಗೆ ಕರೆಂಟ್ ಬೇಕು. ಅದೂ ಅಲ್ಲದೆ ಇವಾಪರೇಟರ್ ನೀರು 10 ಪಿಪಿಎಂ ಒಳಗೆ ಬರುತ್ತದೆ, ನಿನ್ನ ಆರ್‌ಒ ನೀರು ನೂರಾರು ಪಿಪಿಎಂ.

ಮೆಂಬ್ರೇನ್_ಮಂಜ:
ಕುಡಿಯೋಕೆ ಅದೇ ಚೆನ್ನಾಗಿರುತ್ತದೆ. ನಿಮ್ಮದು ಬ್ಯಾಟರಿ ನೀರು.

ಅಂಕೋಲಾ_ಆಯ್ಲ್:
ಇದನ್ನೆಲ್ಲ ಓದುವಾಗ ನನ್ನ ಹಳೇ ಹಡಗು ನೆನಪಾಯ್ತು. ಓಯಸಿಸ್ ಆಫ್ ದ ಸೀಸ್. ಆರು ವಾರ್ಟ್‌ಸಿಲಾ ಎಂಜಿನ್. ಮೂರು 12 ಸಿಲಿಂಡರ್, ಮೂರು 16 ಸಿಲಿಂಡರ್. ಒಟ್ಟು 97 ಮೆಗಾವ್ಯಾಟ್. ಕೆಳಗೆ ಹಡಗು ತಳ್ಳುವ 20 ಮೆಗಾವ್ಯಾಟಿನ ಅಜಿಪಾಡ್ ಮೂರು. ಬಿಸಿ ನೀರಿಗೆ ಬರ ಅಂತ ಇರಲೇ ಇಲ್ಲ.

ಮೆಂಬ್ರೇನ್_ಮಂಜ:
ಕ್ವೀನ್ ಮೇರಿ 2 ಮುಂದೆ ಅದೇನು ದೊಡ್ಡದು? ನಾಲ್ಕು 16 ಸಿಲಿಂಡರ್ ಡೀಸೆಲ್, ಮೇಲೆ ಚಿಮಣಿ ಹತ್ತಿರ ಎರಡು ಗ್ಯಾಸ್ ಟರ್ಬೈನ್. ಪಾಡ್ ನಾಲ್ಕು, ಅದರಲ್ಲಿ ಎರಡು ದಿಕ್ಕು ಬದಲಿಸಲು ತಿರುಗುವುದೇ ಇಲ್ಲ. ಟರ್ಬೈನ್ ನೋಡೋಕೆ ಕೆಳಗಲ್ಲ, ಮೇಲೆ ಹೋಗಬೇಕು.

ಅಂಕೋಲಾ_ಆಯ್ಲ್:
ನೀವು ಅದರಲ್ಲಿ ಕೆಲಸ ಮಾಡಿದ್ರಾ, ಇಲ್ಲಾ ಟಿಕೆಟ್ ತಗೊಂಡು ಹೋಗಿದ್ರಾ?

ಉಳ್ಳಾಲ_ತರ್ಡ್:
ಸ್ವಲ್ಪ ನನ್ನ ಪ್ರಶ್ನೆ ನೋಡ್ತೀರಾ? ನಿನ್ನೆ ರಾತ್ರಿ ಡೆಮಿಸ್ಟರ್ ತೆಗೆದು ನೋಡಿದೆವು. ಹೊಸದರ ಹಾಗೆ ಇದೆ. ಟ್ಯೂಬ್ ಲೀಕ್ ಟೆಸ್ಟ್ ಕೂಡ ಪಾಸ್. ಈಗ?

ಬಾಯ್ಲರ್_ಶುಂಠಿ:
ಈಗ ಆಸಿಡ್. ಈ ಸಲ ಸ್ವಲ್ಪ ಬಿಸಿ ಮಾಡಿ ಹಾಕಿ.

ಹಳೇ_ಸೆಕೆಂಡ್:
ತಮ್ಮಾ, ಹಡಗು ಎಲ್ಲಿದೆ? ಸಮುದ್ರದ ನೀರು ಎಷ್ಟು ಡಿಗ್ರಿ? ಬ್ರೈನ್ ಹೀಟರ್ ದಾಟಿದ ಮೇಲೆ ಟಾಪ್ ಟೆಂಪರೇಚರ್ ಎಷ್ಟು?

ಉಳ್ಳಾಲ_ತರ್ಡ್:
ನಾರ್ವೆಯಲ್ಲಿ ಇದ್ದೇವೆ ಸರ್. ಹೋದ ತಿಂಗಳವರೆಗೆ ಕೆರಿಬಿಯನ್. ಸಮುದ್ರ 9 ಡಿಗ್ರಿ. ಟಾಪ್ 80 ಇರಬೇಕು, 68 ದಾಟುತ್ತಿಲ್ಲ. ತಣ್ಣೀರು ಅಂದರೆ ಕಂಡೆನ್ಸರ್‌ಗೆ ಒಳ್ಳೆಯದೇ ಅಲ್ವಾ? ಅದಕ್ಕೂ ಇದಕ್ಕೂ ಏನು ಸಂಬಂಧ?

ಪಂಪ್‌ಮನೆ:
ನಾರ್ವೆ!! ಇದನ್ನು ಮೊದಲೇ ಹೇಳಬಾರದಾ?

ಹಳೇ_ಸೆಕೆಂಡ್:
ಸಂಬಂಧ ಅದಕ್ಕೇ ಇರೋದು. ಕೆರಿಬಿಯನ್‌ನಲ್ಲಿ 28 ಡಿಗ್ರಿ ನೀರು ಒಳಗೆ ಬರುತ್ತಿತ್ತು. ಅದು ಒಂದೊಂದೇ ಸ್ಟೇಜ್‌ನ ಕಂಡೆನ್ಸರ್ ಹತ್ತಿ ಬಿಸಿಯಾಗುತ್ತಾ ಹೋಗುತ್ತದೆ. ಕೊನೆಗೆ ಬ್ರೈನ್ ಹೀಟರ್ ಉಳಿದದ್ದನ್ನು ಸೇರಿಸಬೇಕು, ಅಷ್ಟೆ. ಈಗ 9ರಿಂದ ಶುರು. ಹೀಟರ್ ಎಷ್ಟು ಎಳೆದರೂ ಸಾಲುವುದಿಲ್ಲ. ಹಾಗಾಗಿ 68. ನೀರು ಕಮ್ಮಿ ಆದದ್ದು ಇದರಿಂದ.

ಇನ್ನು ಉಪ್ಪು. ವ್ಯಾಕ್ಯೂಮ್ ಮೊದಲಿಗಿಂತ ಚೆನ್ನಾಗಿದೆ ಅಂದೆಯಲ್ಲ, ಅದೇ ತೊಂದರೆ. ತಣ್ಣೀರು ಬಂದಾಗ ಕೊನೆಯ ಸ್ಟೇಜ್‌ಗಳಲ್ಲಿ ಒತ್ತಡ ತೀರಾ ಇಳಿಯುತ್ತದೆ. 0.1 ಬಾರ್‌ನಲ್ಲಿ ನೀರು ಸುಮಾರು 46 ಡಿಗ್ರಿಗೆ ಕುದಿಯುತ್ತದೆ. ಅಲ್ಲಿ ಒಂದು ಕಿಲೋ ಆವಿ ಸುಮಾರು 15 ಘನ ಮೀಟರ್ ಜಾಗ ಹಿಡಿಯುತ್ತದೆ. 0.05 ಬಾರ್‌ಗೆ ಇಳಿಸಿ ನೋಡು, ಅದೇ ಒಂದು ಕಿಲೋಗೆ ಸುಮಾರು 28 ಘನ ಮೀಟರ್ ಬೇಕು. ಡೆಮಿಸ್ಟರ್ ಮಾತ್ರ ಇದ್ದಷ್ಟೇ ಇದೆ. ಅದರಲ್ಲಿ ಆವಿ ಹೆಚ್ಚು ಕಮ್ಮಿ ಎರಡರಷ್ಟು ಜೋರಾಗಿ ನುಗ್ಗುತ್ತದೆ, ಜೊತೆಗೆ ಉಪ್ಪು ನೀರಿನ ಹನಿಗಳನ್ನೂ ಎಳೆದುಕೊಂಡು ಹೋಗುತ್ತದೆ. ಜಾಲರಿ ಹೊಸದಿದ್ದರೇನು, ಹಳೆಯದಿದ್ದರೇನು.

ಕಂಡೆನ್ಸರ್ ದಾಟಿ ಹೊರಗೆ ಹೋಗುವ ಬೆಚ್ಚಗಿನ ಸಮುದ್ರ ನೀರನ್ನು ಪಂಪ್ ಸಕ್ಷನ್‌ಗೆ ವಾಪಸ್ ತರುವ ಒಂದು ರೀಸರ್ಕ್ಯುಲೇಷನ್ ಲೈನ್ ಇರುತ್ತದೆ. ಹುಡುಕಿ ನೋಡು. ಬಿಸಿ ಕಡಲಿನಲ್ಲಿ ಅದು ಬೇಡ, ಮುಚ್ಚಿಟ್ಟಿರುತ್ತಾರೆ. ನಿಧಾನವಾಗಿ ತೆರೆದು ಒಳಬರುವ ನೀರನ್ನು 26–28ಕ್ಕೆ ತಾ.

ಮೆಂಬ್ರೇನ್_ಮಂಜ:
ಆರ್‌ಒ ಇದ್ದಿದ್ದರೆ ಇದು ಯಾವುದೂ ಇಲ್ಲ.

ಹಳೇ_ಸೆಕೆಂಡ್:
9 ಡಿಗ್ರಿಯಲ್ಲಿ ನಿನ್ನ ಮೆಂಬ್ರೇನ್ ಕುಣಿಯುತ್ತದಾ? ನೀರು ಒಂದು ಡಿಗ್ರಿ ತಣ್ಣಗಾದರೆ ನೂರಕ್ಕೆ ಮೂರರಷ್ಟು ಹರಿವು ಕಮ್ಮಿ ಆಗುತ್ತದೆ. 28ರಿಂದ 9ಕ್ಕೆ ಲೆಕ್ಕ ಹಾಕಿ ಬಾ.

ಉಳ್ಳಾಲ_ತರ್ಡ್:
ಸಿಕ್ಕಿತು ಸರ್! ಫ್ಲೋರ್ ಪ್ಲೇಟ್ ಕೆಳಗೆ ಇತ್ತು. ವಾಲ್ವ್ ಬಿಗಿಯಾಗಿ ಮುಚ್ಚಿ ಟ್ಯಾಗ್ ಕಟ್ಟಿದ್ದರು. ಎರಡೂ ಪ್ಲಾಂಟ್‌ನಲ್ಲಿ ತೆರೆದೆವು. ಇನ್‌ಲೆಟ್ 27. ಸಲಿನಿಟಿ 3ಕ್ಕೆ ಇಳಿದು ನಿಂತಿದೆ. ಡಂಪ್ ವಾಲ್ವ್ ಸುಮ್ಮನಾಗಿದೆ. ಆದರೆ ಟಾಪ್ ಇನ್ನೂ 74. ಪೂರ್ತಿ ನೀರು ಬರುತ್ತಿಲ್ಲ.

ಪಂಪ್‌ಮನೆ:
ಎಂಜಿನ್ ಎಷ್ಟು ಓಡುತ್ತಿವೆ? ಫ್ಯೋರ್ಡ್ ಒಳಗೆ ನಿಧಾನ ಹೋಗುತ್ತೀರಲ್ಲ, ಲೋಡ್ ಇಲ್ಲದಿದ್ದರೆ ಎಚ್‌ಟಿಯಲ್ಲಿ ಬಿಸಿ ಎಲ್ಲಿಂದ ಬರಬೇಕು? ಮೇಲಾಗಿ ಆ ಚಳಿಗೆ ಎಸಿ ಪ್ರೀಹೀಟರ್‌ಗಳೂ ಅದೇ ಎಚ್‌ಟಿ ನೀರು ಕುಡಿಯುತ್ತಿರುತ್ತವೆ. ಎಸಿ ಇಂಜಿನಿಯರ್‌ನನ್ನು ಕೇಳಿದ್ರಾ?

ಉಳ್ಳಾಲ_ತರ್ಡ್:
ಕೇಳಿದೆ. ಕ್ಯಾಬಿನ್ ತಣ್ಣಗಾದರೆ ಹೋಟೆಲ್ ಮ್ಯಾನೇಜರ್ ಬಂದು ಕೂಗುತ್ತಾರೆ, ವಾಲ್ವ್ ಮುಟ್ಟಬೇಡ ಅಂದ. ಚೀಫ್ ಹತ್ತಿರ ಹೋಗಿದ್ದೇವೆ. ಸ್ಟೀಮ್ ಬೂಸ್ಟರ್ ಹೀಟರ್ ಹಾಕಿ ಅಂತ ನಮ್ಮ ಸೆಕೆಂಡ್ ಇಂಜಿನಿಯರ್ ಹೇಳುತ್ತಿದ್ದಾರೆ. ಅದಕ್ಕೆ ಬಾಯ್ಲರ್ ಉರಿಸಬೇಕು, ಚೀಫ್‌ಗೆ ಡೀಸೆಲ್ ಲೆಕ್ಕ.

ಹಳೇ_ಸೆಕೆಂಡ್:
ಅದು ಚೀಫ್ ತಲೆನೋವು, ನಿನ್ನದಲ್ಲ. ಸ್ಟೀಮ್ ಹಾಕಿದರೂ ಟಾಪ್ 80 ದಾಟಿಸಬೇಡ. ಅದಕ್ಕಿಂತ ಮೇಲೆ ಹೋದರೆ ಮೆಗ್ನೀಸಿಯಂ ಸ್ಕೇಲ್ ಕಟ್ಟುತ್ತದೆ, ಆಗ ಶುಂಠಿಯವರಿಗೆ ನಿಜವಾಗಲೂ ಕೆಲಸ ಸಿಗುತ್ತದೆ. ಬಂದರಿನಲ್ಲಿ, ಲಂಗರು ಹಾಕಿದಾಗ ಹೇಗೂ ನೀರು ಮಾಡುವ ಹಾಗಿಲ್ಲ. ಬರ್ಗನ್‌ನಲ್ಲಿ ಬಂಕರ್ ತಗೊಳ್ಳಿ, ಅಂದರೆ ದಡದಿಂದ ನೀರು ತುಂಬಿಸಿಕೊಳ್ಳಿ. ಒಳಗೆ ಬರುವಾಗಲೇ ಕ್ಲೋರಿನ್ 2 ಪಿಪಿಎಂ ಇರಬೇಕು, ಪಿಎಚ್ 7.8 ದಾಟಬಾರದು, ಲಾಗ್ ಬುಕ್‌ನಲ್ಲಿ ಬರೆದಿಡು. ಅಮೆರಿಕಾ ಬಂದರಿಗೆ ವಾಪಸ್ ಹೋದಾಗ ಸ್ಯಾನಿಟೇಷನ್ ಇನ್‌ಸ್ಪೆಕ್ಟರ್ ಕೇಳುವುದು ಅದನ್ನೇ.

ಕುಮಟಾ_ಫೋರ್ತ್:
ನಮ್ಮ ಹಡಗು ಈಗ ಅಲಾಸ್ಕಾಗೆ ಹೊರಟಿದೆ. ನಮ್ಮಲ್ಲಿ ಆ ರೀಸರ್ಕ್ಯುಲೇಷನ್ ವಾಲ್ವ್ ಆಟೋಮ್ಯಾಟಿಕ್. ಸೆಟ್‌ಪಾಯಿಂಟ್ ಎಷ್ಟು ಇಡಲಿ ಅಣ್ಣಾ?

ಪಂಪ್‌ಮನೆ:
ಬೇರೆ ಚರ್ಚೆ ಶುರು ಮಾಡಪ್ಪಾ. ಯಾರ ಪ್ಲಾಂಟ್, ಎಷ್ಟು ಸ್ಟೇಜ್, ಈಗ ಎಲ್ಲಿದ್ದೀರಿ, ಎಲ್ಲಾ ಮೊದಲ ಸಾಲಿನಲ್ಲೇ ಬರೆ.