ಹೆರಿಗೆಯಾದ ಮೇಲೆ ಅಮ್ಮನನ್ನು ಕಳೆದುಕೊಂಡ ಮಗಳಿಗೆ ‘ಫಾದರ್‌ಹುಡ್’ ಸಿನಿಮಾ ತೋರಿಸಬಹುದಾ?

ಶಿಡ್ಲಘಟ್ಟದ ರೀಲರ್

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ನನ್ನ ಕೆಲಸ. ಮಗಳಿಗೆ ಈಗ 9 ವರ್ಷ. ಅವಳು ಹುಟ್ಟಿದ ಮೇಲೆ ಪುರುಡು ಕಳೆಯುವ ಮೊದಲೇ ನನ್ನ ಹೆಂಡತಿ ತೀರಿಕೊಂಡಳು. ಬೆಳಿಗ್ಗೆ ಎದ್ದು ಕೂತವಳು ಉಸಿರು ಸಿಗುತ್ತಿಲ್ಲ ಅಂದಳು, ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿತ್ತು ಅಂತ ಡಾಕ್ಟರ್ ಹೇಳಿದರು.

ಮೊನ್ನೆ ರಾತ್ರಿ ನೆಟ್‌ಫ್ಲಿಕ್ಸ್‌ನಲ್ಲಿ ‘ಫಾದರ್‌ಹುಡ್’ ನೋಡಿದೆ. 2021ರ ಸಿನಿಮಾ. ಕೆವಿನ್ ಹಾರ್ಟ್ ಇದ್ದಾನಲ್ಲ, ನಗು ಇರುತ್ತದೆ ಅಂತ ಹಾಕಿಕೊಂಡೆ. ನೋಡಿದರೆ ಶುರುವಿನಲ್ಲೇ ಹೆಂಡತಿಯ ಅಂತ್ಯಕ್ರಿಯೆ. ಹೆರಿಗೆಯಾದ ಬೆನ್ನಲ್ಲೇ ಅವಳೂ ನನ್ನವಳ ಹಾಗೆಯೇ ಹೋಗುತ್ತಾಳೆ, ಅದೇ ರಕ್ತದ ಗಂಟು. ಆಮೇಲೆ ಅವನು ಎಳೆಗೂಸನ್ನು ಆಫೀಸಿಗೆ ಎತ್ತಿಕೊಂಡು ಹೋಗುವುದು, ಮಗು ಯಾಕೆ ಅಳುತ್ತಿದೆ ಅಂತ ಗೊತ್ತಾಗದೆ ತಾಯಂದಿರ ಗುಂಪಿನ ಮಧ್ಯೆ ನುಗ್ಗಿ ಕೇಳುವುದು, ಅದನ್ನೆಲ್ಲ ನೋಡುವಾಗ ನಾನು ನಗುತ್ತಲೂ ಇದ್ದೆ, ಅಳುತ್ತಲೂ ಇದ್ದೆ. ನಾನೂ ಗೂಡಿನ ಮಾರುಕಟ್ಟೆಗೆ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಹೋಗಿದ್ದೇನೆ. ಹರಾಜಿನ ಗದ್ದಲದಲ್ಲೂ ಅವಳು ನಿದ್ದೆ ಮಾಡುತ್ತಿದ್ದಳು.

ಈಗ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಒಂದು ಮದುವೆ ಮನೆಯಲ್ಲಿ ಒಬ್ಬ ಅಜ್ಜಿ ಮಗಳ ಮುಂದೆಯೇ ‘ಹುಟ್ಟುತ್ತಲೇ ತಾಯಿಯನ್ನು ತಿಂದುಕೊಂಡ ಮಗು ಇದೇ ಅಲ್ವಾ’ ಅಂದುಬಿಟ್ಟರು. ಮಗಳು ಆವತ್ತು ಏನೂ ಕೇಳಲಿಲ್ಲ. ಆದರೆ ಆಮೇಲಿಂದ ರಾತ್ರಿ ಹೊತ್ತು ಸುಮ್ನೆ ಫೋಟೋ ನೋಡುತ್ತಾ ಮಲಗುತ್ತಾಳೆ. ಈ ಸಿನಿಮಾ ಅವಳ ಜೊತೆ ಕೂತು ನೋಡಿದರೆ ಮಾತು ತೆಗೆಯಲು ದಾರಿ ಆಗುತ್ತದಾ, ಇಲ್ಲ ಗಾಯ ಇನ್ನೂ ಕೆದಕಿದ ಹಾಗೆ ಆಗುತ್ತದಾ? ಇನ್ನೊಂದು, ಸಿನಿಮಾದಲ್ಲಿ ಅವನ ಅತ್ತೆ ‘ಇದು ನಿನ್ನ ಕೈಲಾಗುವ ಕೆಲಸ ಅಲ್ಲ’ ಅನ್ನುತ್ತಾ ಇರುತ್ತಾರಲ್ಲ, ನನ್ನ ಅತ್ತೆಯೂ ಗೌರಿಬಿದನೂರಿನಿಂದ ಫೋನ್ ಮಾಡಿದಾಗೆಲ್ಲ ಅದನ್ನೇ ಹೇಳುತ್ತಾರೆ. ದೊಡ್ಡವಳಾಗುತ್ತಿದ್ದಾಳೆ, ಇಲ್ಲಿ ತಂದು ಬಿಡು ಅಂತ.

ಅಂತರಗಂಗೆ

ಅಣ್ಣ, ನಾನು ಕೋಲಾರದ ಕಡೆ ಹಳ್ಳಿಯೊಂದರಲ್ಲಿ ನರ್ಸ್. ಸಿನಿಮಾ ನೋಡಿದ್ದೇನೆ. ಅದಕ್ಕೆ ಅಮೆರಿಕದಲ್ಲಿ ಪಿಜಿ-13 ಅಂತ ಗುರುತು ಕೊಟ್ಟಿದ್ದಾರೆ, ಅಂದರೆ 13ಕ್ಕಿಂತ ಚಿಕ್ಕ ಮಕ್ಕಳಿಗೆ ತೋರಿಸುವ ಮುಂಚೆ ಹೆತ್ತವರು ಯೋಚಿಸಬೇಕು. ಕೆಲವು ಒರಟು ಮಾತುಗಳಿವೆ. ಅದು ದೊಡ್ಡ ವಿಷಯ ಅಲ್ಲ ಬಿಡಿ. ದೊಡ್ಡ ವಿಷಯ ಏನು ಅಂದರೆ, ಅಮ್ಮ ಹೇಗೆ ಹೋದಳು ಅಂತ ಅವಳಿಗೆ ಮೊದಲು ನಿಮ್ಮ ಬಾಯಿಂದ ಗೊತ್ತಾಗಬೇಕು, ಪರದೆಯಿಂದ ಅಲ್ಲ.

ಗರ್ಭಿಣಿಯಾದಾಗ ರಕ್ತ ಬೇಗ ಹೆಪ್ಪುಗಟ್ಟುವ ಗುಣ ಮೈಯಲ್ಲಿ ತಾನಾಗಿಯೇ ಜಾಸ್ತಿ ಆಗುತ್ತದೆ. ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗದಿರಲಿ ಅಂತ ದೇಹವೇ ಮಾಡಿಕೊಳ್ಳುವ ವ್ಯವಸ್ಥೆ ಅದು. ಒಮ್ಮೊಮ್ಮೆ ಕಾಲಿನ ರಕ್ತನಾಳದಲ್ಲಿ ಗಂಟು ಕಟ್ಟಿ, ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ. ಹೆರಿಗೆಯಾದ 6 ವಾರ ಈ ಅಪಾಯ ಇದ್ದೇ ಇರುತ್ತದೆ, ಸಿಸೇರಿಯನ್ ಆಗಿದ್ದರೆ ಇನ್ನೂ ಜಾಸ್ತಿ. ಇದರಲ್ಲಿ ಮಗುವಿನ ಪಾತ್ರ ಏನೂ ಇಲ್ಲ. ನಿಮ್ಮ ಕಡೆ ಹಿಪ್ಪುನೇರಳೆ ತೋಟಕ್ಕೆ ಡ್ರಿಪ್ ಹಾಕಿರುತ್ತಾರಲ್ಲ, ಪೈಪಿನಲ್ಲಿ ಕಸ ಸಿಕ್ಕಿಕೊಂಡರೆ ಮುಂದಿನ ಗಿಡಕ್ಕೆ ನೀರು ಹೋಗುವುದಿಲ್ಲ. ಹಾಗೆ ಹೇಳಿ, 9 ವರ್ಷದವಳಿಗೆ ಚೆನ್ನಾಗಿಯೇ ಅರ್ಥ ಆಗುತ್ತದೆ.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ನಮ್ಮ ಕಡೆ ಬಾಣಂತಿಗೆ ನೀರು ಕಡಿಮೆ ಕೊಡುತ್ತಾರೆ, ಹಾಸಿಗೆ ಬಿಟ್ಟು ಏಳಬೇಡ ಅನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೀರು ಕುಡಿಯಲಿ, ಡಾಕ್ಟರ್ ಹೇಳಿದಂತೆ ಎದ್ದು ಓಡಾಡಲಿ. ಒಂದೇ ಕಾಲು ಊದಿ ನೋವು ಬಂದರೆ ಅವತ್ತೇ ಡಾಕ್ಟರ್‌ಗೆ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಕ್ಷಣ 108ಕ್ಕೆ ಫೋನ್ ಮಾಡಿ.

ಅಪ್ಪನ ಮಗಳು

ಚಿಂತಾಮಣಿಯವಳು ನಾನು, ಅಮ್ಮ ಹೋದಾಗ ನನಗೆ 3 ವರ್ಷ. ನನ್ನನ್ನು ಬೆಳೆಸಿದ್ದು ಅಪ್ಪ. ‘ತಿಂದುಕೊಂಡಳು’ ಅನ್ನುವ ಮಾತು ನಾನೂ ಕೇಳಿದ್ದೇನೆ ಅಣ್ಣ, ಅದು ಮಕ್ಕಳ ಕಿವಿಗೆ ಬಿದ್ದರೆ ಹೋಗುವುದೇ ಇಲ್ಲ. ನಾನು ಎಷ್ಟೋ ವರ್ಷ ಅಪ್ಪನನ್ನು ಕೇಳಲಿಲ್ಲ. ಕೇಳಿದರೆ ಅಪ್ಪ ಅಳುತ್ತಾರೆ ಅಂತ ಭಯ ಇತ್ತು. ನಿಮ್ಮ ಮಗಳು ಸುಮ್ಮನಿದ್ದಾಳೆ ಅಂದರೆ ಅವಳೂ ನಿಮ್ಮನ್ನು ಕಾಪಾಡುತ್ತಿರಬಹುದು. ನೀವೇ ಮೊದಲು ಮಾತು ತೆಗೆಯಿರಿ, ಅವಳು ಕೇಳಲಿ ಅಂತ ಕಾಯಬೇಡಿ.

ನನಗೆ ಆ ಸಿನಿಮಾದಲ್ಲಿ ತುಂಬ ಹಿಡಿಸಿದ್ದು ಯೂನಿಫಾರಂ ವಿಷಯ. ಹುಡುಗಿ ಸ್ಕರ್ಟ್ ಬೇಡ, ಪ್ಯಾಂಟ್ ಬೇಕು ಅನ್ನುತ್ತಾಳೆ, ಅಪ್ಪ ಅವಳ ಪರವಾಗಿ ನಿಲ್ಲುತ್ತಾನೆ. ಅಮ್ಮ ಇಲ್ಲದ ಮಗಳನ್ನು ಊರೆಲ್ಲ ತಿದ್ದಲು ಬರುತ್ತದೆ, ಆಗ ನಮ್ಮ ಕಡೆ ಒಬ್ಬರು ನಿಂತರೆ ಸಾಕು ಅನಿಸುತ್ತದೆ. ಸಿನಿಮಾ ತೋರಿಸುವುದೇ ಆದರೆ ಅಲ್ಲಲ್ಲಿ ನಿಲ್ಲಿಸಿ, ಕನ್ನಡದಲ್ಲಿ ಹೇಳಿ. ಮುಗಿಸಲೇಬೇಕು ಅಂತ ಏನಿಲ್ಲ.

ಮತ್ತೆ, ಇನ್ನು ಒಂದೆರಡು ವರ್ಷದಲ್ಲಿ ಮುಟ್ಟಿನ ವಿಷಯ ಬರುತ್ತದೆ. ಈಗಲೇ ಹೇಳಿಡಿ. ನನಗೆ ಅಪ್ಪನೇ ಪ್ಯಾಡ್ ತಂದುಕೊಟ್ಟಿದ್ದು, ಪೇಪರ್ ಸುತ್ತದೆ ಹಾಗೇ ತಂದರು. ನಾಚಿಕೆಪಡುವ ವಿಷಯ ಅಲ್ಲ ಅಂತ ನಾನು ಕಲಿತಿದ್ದು ಅವತ್ತು.

ಕ್ಯಾತ್ಸಂದ್ರದ ಅಜ್ಜಿ

ನೋಡಪ್ಪ, ಎಲ್ಲರೂ ನಿನ್ನ ಕಡೆ ಮಾತಾಡಿದರು, ನಾನು ನಿನ್ನ ಅತ್ತೆಯ ಕಡೆ ಮಾತಾಡುತ್ತೇನೆ. ನಾನೂ ಮಗಳನ್ನು ಕಳೆದುಕೊಂಡವಳು. ಮೊಮ್ಮಗಳನ್ನು ಕೊಡು ಅಂತ ಅಳಿಯನ ಜೊತೆ ಎಷ್ಟು ಜಗಳ ಆಡಿದ್ದೇನೆ. ನಿನ್ನ ಕೈಲಾಗಲ್ಲ ಅಂತ ಬಾಯಲ್ಲಿ ಬರುತ್ತದೆ, ಆದರೆ ಒಳಗೆ ಇರುವುದು ನನ್ನ ಮಗಳ ಗುರುತು ಅದೊಂದೇ ಉಳಿದಿದೆ ಅನ್ನುವ ಸಂಕಟ. ಸಿನಿಮಾದಲ್ಲೂ ಮಗು ಸ್ವಲ್ಪ ದಿನ ಅಜ್ಜಿ ಮನೆಗೆ ಹೋಗಿ ಅಪ್ಪನ ಹತ್ತಿರವೇ ವಾಪಸ್ ಬರುತ್ತದೆ, ಮೊಮ್ಮಗಳು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದಳು.

ಮಗುವನ್ನು ಅಲ್ಲಿ ಬಿಡಬೇಡ. ಆದರೆ ಅತ್ತೆಯನ್ನು ಕರೆಸು. ಮಗುವಿನ ಅಮ್ಮ ಚಿಕ್ಕವಳಿದ್ದಾಗ ಹೇಗಿದ್ದಳು, ಏನು ಹಟ ಮಾಡುತ್ತಿದ್ದಳು, ಅದೆಲ್ಲ ನಿನಗೆ ಗೊತ್ತಿಲ್ಲ, ಆಯಮ್ಮನಿಗೆ ಗೊತ್ತು. ನೀನು ಅವಳ ಜೊತೆ ಬಾಳಿದ್ದು ಕೆಲವೇ ವರ್ಷ ಅಲ್ವಾ.

ಶಿಡ್ಲಘಟ್ಟದ ರೀಲರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಜ್ಜಿ, ನಿಮ್ಮ ಮಾತು ಓದಿ ಅವತ್ತೇ ಅತ್ತೆಗೆ ಫೋನ್ ಮಾಡಿದೆ. ಶನಿವಾರ ಬರುತ್ತಾರೆ, ಹಳೇ ಆಲ್ಬಂ ತರುತ್ತೇನೆ ಅಂದರು.

ನಿನ್ನೆ ಸಂಜೆ ತಮ್ಮನ ಹಿಪ್ಪುನೇರಳೆ ತೋಟಕ್ಕೆ ಮಗಳನ್ನು ಕರೆದುಕೊಂಡು ಹೋಗಿ, ಡ್ರಿಪ್ ಪೈಪ್ ಬಿಚ್ಚಿ ತೋರಿಸಿ, ಆ ನರ್ಸ್ ತಂಗಿ ಹೇಳಿದ ಹಾಗೇ ಹೇಳಿದೆ. ಸ್ವಲ್ಪ ಹೊತ್ತು ಪೈಪನ್ನೇ ನೋಡುತ್ತಿದ್ದಳು. ‘ಅಮ್ಮನ ಪೈಪಿಗೆ ಕಸ ಹಾಕಿದ್ದು ನಾನಾ?’ ಅಂದಳು. ಅಲ್ಲಮ್ಮ, ಯಾರೂ ಹಾಕಲಿಲ್ಲ, ಒಳಗೇ ಕಟ್ಟಿಕೊಂಡಿದ್ದು ಅಂದೆ. ಇನ್ನೊಂದು ಸಲ ಹೇಳು ಅಂದಳು. ಮೂರು ಸಲ ಹೇಳಿಸಿಕೊಂಡಳು. ಸಿನಿಮಾ ಸದ್ಯಕ್ಕೆ ತೋರಿಸುವುದಿಲ್ಲ, ಅವಳು ಇನ್ನೂ ಏನೇನೋ ಕೇಳುತ್ತಿದ್ದಾಳೆ.