ಪದಚರ್ಚೆ: ವಿಮಾನದ 'ಸ್ಟಾಲ್'ಗೆ ಕನ್ನಡದಲ್ಲಿ ಏನನ್ನೋಣ? 'ರೆಕ್ಕೆಸೋಲು' ಸರಿಹೋದೀತೇ?

ಗೆಳೆಯರೇ, ನಮಸ್ಕಾರ.

ರೇಡಿಯೊ ರಿಮೋಟಿನಿಂದ ಹಾರಿಸುವ ದೊಡ್ಡ ಮಾದರಿ ವಿಮಾನಗಳನ್ನು ಕಟ್ಟುವುದು ನನ್ನ ಹವ್ಯಾಸ. ಅದರಲ್ಲೂ ಎರಡನೇ ಮಹಾಯುದ್ಧದ ಕಾಲದ ಯುದ್ಧವಿಮಾನಗಳು. ಹೊಸದಾಗಿ ಕಲಿಯುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಹೆಚ್ಚಿನ ಪದಗಳು ತಾವಾಗಿಯೇ ಸಿಕ್ಕವು. ಒಂದು ಪದ ಮಾತ್ರ ಎರಡು ತಿಂಗಳಿಂದ ನನ್ನನ್ನು ಮುಂದೆ ಹೋಗಲು ಬಿಡುತ್ತಿಲ್ಲ. ಅದು 'ಸ್ಟಾಲ್', ಅಂದರೆ ಹಾರುವಾಗ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು.

ಈ ಪದ ತಪ್ಪಾಗಿ ಅರ್ಥವಾಗಿ ಒಂದು ವಿಮಾನ ಮುರಿದುಬಿದ್ದಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ. ನನಗೆ ಯಾಕೆ ಇಷ್ಟು ತಲೆಬಿಸಿ ಎಂಬುದು ಆಗ ಗೊತ್ತಾಗುತ್ತದೆ.

ನನ್ನ ಹತ್ತಿರ ಐದನೇ ಒಂದು ಅಳತೆಯ ಮಸ್ಟಾಂಗ್ ಯುದ್ಧವಿಮಾನ ಇತ್ತು. ನಿಜವಾದ ಪಿ-51 ಮಸ್ಟಾಂಗಿನ ರೆಕ್ಕೆ ತುದಿಯಿಂದ ತುದಿಗೆ 37 ಅಡಿ, ಅಂದರೆ 11.28 ಮೀಟರ್. ನನ್ನದು 2.26 ಮೀಟರ್. ಒಳಗೆ ಬಾಲ್ಸಾ ಮರ ಮತ್ತು ಪ್ಲೈವುಡ್, ಮೇಲೆ ತೆಳುವಾದ ಫೈಬರ್‌ಗ್ಲಾಸ್ ಬಟ್ಟೆ. 60 ಸಿಸಿ ಪೆಟ್ರೋಲ್ ಎಂಜಿನ್. ತೂಕ 11 ಕೆಜಿ. ಕಟ್ಟಲು ಹದಿನಾಲ್ಕು ತಿಂಗಳು ಹಿಡಿದಿತ್ತು. ನಮ್ಮ ಜೊತೆ ಹಾರಿಸಲು ಬರುವ ಒಬ್ಬ ಹುಡುಗ ಮೂರು ವರ್ಷದಿಂದ ಕಲಿಕೆಯ ವಿಮಾನಗಳನ್ನು ಹಾರಿಸುತ್ತಿದ್ದ. ಒಳ್ಳೆಯ ಕೈ. ಒಂದು ದಿನ ಅವನಿಗೆ ಮಸ್ಟಾಂಗ್ ಕೊಟ್ಟೆ. ಮೇಲೆ ಚೆನ್ನಾಗಿಯೇ ಹಾರಿಸಿದ.

ಇಳಿಸಲು ಕೊನೆಯ ತಿರುವು ತೆಗೆದುಕೊಳ್ಳುವಾಗ ಎಂಜಿನ್ನಿಗೆ ಪವರ್ ಕೊಡುವ ಥ್ರಾಟಲ್ ಪೂರ್ತಿ ಇಳಿಸಿದ್ದ. ಗಾಳಿ ನಮ್ಮ ಕಡೆಯಿಂದ ವಿಮಾನದ ಕಡೆಗೆ ಬೀಸುತ್ತಿತ್ತು. ಹಾಗಾಗಿ ಎಂಜಿನ್ ಸದ್ದು ಕಿವಿಗೆ ಸರಿಯಾಗಿ ಬೀಳುತ್ತಿರಲಿಲ್ಲ. ಮೂಗು ತುಸು ಜಾಸ್ತಿಯೇ ಎದ್ದಿತ್ತು. ರೆಕ್ಕೆ ಅತ್ತಿತ್ತ ಅಲುಗಲು ಶುರುವಾಯಿತು. ನಾನು "ಸ್ಟಾಲ್, ಸ್ಟಾಲ್!" ಎಂದು ಕೂಗಿದೆ. ಮೂಗು ಇಳಿಸು, ಪವರ್ ಕೊಡು ಅಂತ ನನ್ನ ಅರ್ಥ. ಎಂಜಿನ್ ನಿಂತುಹೋಯಿತು ಅಂತ ಅವನ ಅರ್ಥ. ಬೈಕು, ಕಾರು ಸ್ಟಾಲ್ ಆಗುತ್ತದಲ್ಲ, ಹಾಗೆ. ಎಂಜಿನ್ ಇಲ್ಲದೆ ರನ್‌ವೇ ಮುಟ್ಟಿಸಬೇಕು ಎಂಬ ಗಾಬರಿಯಲ್ಲಿ ರಿಮೋಟಿನ ಸ್ಟಿಕ್ಕನ್ನು ಇನ್ನಷ್ಟು ಎಳೆದ. ಮೂಗು ಮತ್ತೂ ಎದ್ದಿತು. ಎಡರೆಕ್ಕೆ ಪಟ್ಟನೆ ಬಿತ್ತು. ಹದಿನೈದು ಮೀಟರ್ ಎತ್ತರದಲ್ಲಿ ಸರಿಪಡಿಸಲು ಯಾರಿಗೂ ಸಮಯ ಇರುವುದಿಲ್ಲ.

ಯಾರಿಗೂ ಪೆಟ್ಟಾಗಲಿಲ್ಲ. ಎಂಜಿನ್ ಕೂತಿದ್ದ ಹಲಗೆ ಕಿತ್ತುಬಂದಿತ್ತು. ರೆಕ್ಕೆಯ ತೊಲೆ ಎರಡು ತುಂಡಾಗಿತ್ತು. "ಎಂಜಿನ್ ಆಫ್ ಆಯ್ತು ಅಂದ್ಕೊಂಡೆ ಅಣ್ಣ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಅವನನ್ನು ಏನೆಂದು ಬೈಯಲಿ? ಅವನು ದಿನಾ ಆಡುವ ಮಾತಿನಲ್ಲಿ ಆ ಪದಕ್ಕೆ ಇರುವ ಅರ್ಥ ಅದೊಂದೇ.

ಈಗ ಪದಕ್ಕೆ ಬರೋಣ.

ವಿಮಾನದ ಸ್ಟಾಲ್‌ಗೂ ಎಂಜಿನ್ನಿಗೂ ನೇರ ಸಂಬಂಧವಿಲ್ಲ. ಎಂಜಿನ್ ಪೂರ್ತಿ ಜೋರಾಗಿ ಓಡುತ್ತಿರುವಾಗಲೂ ಸ್ಟಾಲ್ ಆಗಬಹುದು. ಎಂಜಿನ್ನೇ ಇಲ್ಲದ ಗ್ಲೈಡರ್ ಕೂಡ ಸ್ಟಾಲ್ ಆಗುತ್ತದೆ. ರೆಕ್ಕೆ ಎದುರುಗಾಳಿಗೆ ಸ್ವಲ್ಪ ಓರೆಯಾಗಿ ಇರುತ್ತದೆ. ಆ ಓರೆ ಹೆಚ್ಚಿದಷ್ಟೂ ರೆಕ್ಕೆಯ ಎತ್ತುವ ಬಲ ಹೆಚ್ಚುತ್ತದೆ. ಆದರೆ ಸುಮಾರು 15 ಡಿಗ್ರಿಯ ಆಸುಪಾಸಿನಲ್ಲಿ ಒಂದು ಎಲ್ಲೆ ಇದೆ. ಅದನ್ನು ದಾಟಿದರೆ, ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಬಿಟ್ಟುಹೋಗುತ್ತದೆ. ರೆಕ್ಕೆಯ ಮೇಲೆ ಸಣ್ಣ ನೂಲಿನ ಎಳೆಗಳನ್ನು ಟೇಪಿನಿಂದ ಅಂಟಿಸಿದರೆ ಇದು ಕಣ್ಣಿಗೇ ಕಾಣುತ್ತದೆ. ಅಲ್ಲಿಯವರೆಗೆ ಸಾಲಾಗಿ ಮಲಗಿದ್ದ ಎಳೆಗಳು ಒಮ್ಮೆಲೇ ಎದ್ದು ದಿಕ್ಕಾಪಾಲಾಗಿ ಕುಣಿಯುತ್ತವೆ. ಆ ಕ್ಷಣದಿಂದ ರೆಕ್ಕೆಗೆ ಭಾರ ಹೊರಲು ಆಗುವುದಿಲ್ಲ.

ಗಮನಿಸಿ, ಇಲ್ಲಿ ಯಾವುದೂ 'ನಿಲ್ಲುವುದಿಲ್ಲ'. ವಿಮಾನ ಮುಂದೆ ಹೋಗುತ್ತಲೇ ಇರುತ್ತದೆ. ಎಂಜಿನ್ ತಿರುಗುತ್ತಲೇ ಇರುತ್ತದೆ. ವೇಗ ಕಡಿಮೆ ಇರಬೇಕು ಎಂದೂ ಇಲ್ಲ. ಜೋರಾಗಿ ಹೋಗುವಾಗಲೇ ಸ್ಟಿಕ್ಕನ್ನು ಒರಟಾಗಿ ಎಳೆದರೆ ಸಾಕು.

ಇಂಗ್ಲಿಷಿನಲ್ಲಿ ಈ ಪದದ ಬೇರು ನಿಲ್ಲುವುದರಲ್ಲೇ ಇದೆ. ಹಳೆಯ ಅರ್ಥ ನಿಲ್ಲುವ ಜಾಗ, ದನ ಕುದುರೆ ಕಟ್ಟುವ ಕೊಟ್ಟಿಗೆ. ಅಲ್ಲಿಂದ ಕೆಸರಿನಲ್ಲಿ ಹೂತು ಮುಂದೆ ಹೋಗಲಾಗದೆ ನಿಲ್ಲುವುದು. ಆಮೇಲೆ ಎಂಜಿನ್ ನಿಲ್ಲುವುದು. ವಿಮಾನದವರು ಇದೇ ಪದವನ್ನು ಬೇರೆ ಸಂಗತಿಗೆ ಬಳಸಿದರು. ಗೊಂದಲ ಅವರಿಗೂ ಇದೆ. ಅದನ್ನು ನಾವು ಹಾಗೇ ಹೊತ್ತು ತರಬೇಕಾ?

ಕನ್ನಡದಲ್ಲಿ ಇದಕ್ಕೆ 'ಸ್ಥಗಿತ' ಎಂದು ಬರೆದದ್ದನ್ನು ನೋಡಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಸಂಸ್ಕೃತದಲ್ಲಿ 'ಸ್ಥಗಿತ'ಕ್ಕೆ ಮುಚ್ಚಿದ, ಮರೆಯಾದ ಎಂಬ ಅರ್ಥವೂ ಇದೆ. ಕನ್ನಡದಲ್ಲಿ ಉಳಿದಿರುವುದು ನಿಂತುಹೋದ ಎಂಬುದೇ. ಕೆಲಸ ಸ್ಥಗಿತ, ಸಂಚಾರ ಸ್ಥಗಿತ ಅನ್ನುತ್ತೇವೆ. 'ವಿಮಾನ ಗಾಳಿಯಲ್ಲಿ ಸ್ಥಗಿತಗೊಂಡಿತು' ಎಂದು ಓದಿದವರ ಮನಸ್ಸಿಗೆ ಬರುವುದು ಎಂಜಿನ್ ಆಫ್ ಆದ ಚಿತ್ರ. ಅಲ್ವಾ? ಆ ಹುಡುಗನಿಗೆ ಆದ ತಪ್ಪು ಅರ್ಥ ಓದುಗರೆಲ್ಲರಿಗೂ ಆಗುತ್ತದೆ.

ಎಂಜಿನ್ ನಿಲ್ಲುವುದಕ್ಕೆ ಹಾರಿಸುವವರಲ್ಲಿ ಬೇರೆಯೇ ಪದವಿದೆ, 'ಡೆಡ್ ಸ್ಟಿಕ್'. ಇಲ್ಲಿ ಸ್ಟಿಕ್ ಅಂದರೆ ಕೈಯಲ್ಲಿ ಹಿಡಿಯುವುದಲ್ಲ, ಪ್ರೊಪೆಲ್ಲರ್. ಮರದ ಪ್ರೊಪೆಲ್ಲರ್ ತಿರುಗದೆ ನಿಂತರೆ ಅದೊಂದು ಸತ್ತ ಕೋಲು. ಇದಕ್ಕೆ ಕನ್ನಡ ಹುಡುಕುವ ಕೆಲಸವೇ ಇಲ್ಲ. 'ಎಂಜಿನ್ ಬಂದ್' ಎಂದು ಎಲ್ಲರೂ ಅನ್ನುತ್ತಾರೆ. ಚಿಕ್ಕದು, ಕೂಗಲು ಸುಲಭ. ಅದು ಹಾಗೇ ಇರಲಿ.

ಸ್ಟಾಲ್‌ಗೆ ನಾನು ಯೋಚಿಸಿದ ಪದಗಳು ಕೆಲವು.

ಮೊದಲು ಹೊಳೆದದ್ದು 'ಬೆನ್ನುಬಿಡು'. ಗಾಳಿ ರೆಕ್ಕೆಯ ಬೆನ್ನು ಬಿಡುತ್ತದೆ. ಒಳಗೆ ನಡೆಯುವುದನ್ನು ಇಷ್ಟು ಸರಿಯಾಗಿ ಹೇಳುವ ಪದ ಇನ್ನೊಂದಿಲ್ಲ. ಆದರೆ ಕನ್ನಡದಲ್ಲಿ ಬೆನ್ನು ಬಿಡುವುದು ಅಂದರೆ ಹಿಂಬಾಲಿಸುವುದನ್ನು ನಿಲ್ಲಿಸುವುದು. ಯುದ್ಧವಿಮಾನದ ಮಾತಿನಲ್ಲಿ 'ಬೆನ್ನುಬಿಟ್ಟಿತು' ಎಂದರೆ ಶತ್ರುವಿನ ವಿಮಾನ ನೆನಪಾಗುತ್ತದೆ. 'ಗಾಳಿಬಿಡು' ಅಂತೂ ಆಗುವುದೇ ಇಲ್ಲ, ಅದಕ್ಕೆ ಬೇರೆ ಅರ್ಥ ಇದೆ.

ಒಬ್ಬ ಗೆಳೆಯರು 'ಮುಗ್ಗರಿಸು' ಎಂದರು. ಮೂಗು ಕೆಳಗಾಗಿ ಬೀಳುವ ನೋಟಕ್ಕೆ ಚೆನ್ನಾಗಿದೆ. ಆದರೆ ಅದನ್ನು ನಾನು ಬೇರೆ ಕಡೆ ಬಳಸಿಬಿಟ್ಟಿದ್ದೇನೆ. ಬಾಲದಡಿ ಚಿಕ್ಕ ಗಾಲಿ ಇರುವ ಇಂಥ ವಿಮಾನಗಳು ಇಳಿದ ಮೇಲೆ ಹುಲ್ಲಿಗೆ ಗಾಲಿ ಸಿಕ್ಕಿ ಮುಂದಕ್ಕೆ ಕವುಚುತ್ತವೆ. ಪ್ರೊಪೆಲ್ಲರ್ ನೆಲಕ್ಕೆ ಬಡಿದು ಮುರಿಯುತ್ತದೆ. 'ಮುಗ್ಗರಿಸಿತು' ಎಂದು ಅಲ್ಲಿ ಹೇಳಿದರೆ ವಿವರಣೆಯೇ ಬೇಡ. ಆ ಪದ ಅಲ್ಲೇ ಇರಬೇಕು.

'ಕುಸಿತ' ಕೂಡ ನೋಡಿದೆ. ಅದು ಆಮೇಲೆ ಆಗುವುದನ್ನು ಹೇಳುತ್ತದೆ. ಸ್ಟಾಲ್ ಆದರೂ ತಕ್ಷಣ ಮೂಗು ಇಳಿಸಿದರೆ ವಿಮಾನ ಕುಸಿಯದೆ ಉಳಿಯಬಹುದು.

ಕೊನೆಗೆ ಸಿಕ್ಕಿದ್ದು 'ಸೋಲು'. ದೂರ ನಡೆದು ಬಂದವರು 'ಕಾಲು ಸೋತುಹೋಯ್ತು' ಅನ್ನುತ್ತಾರೆ. ಭಾರ ಎತ್ತಿ ಎತ್ತಿ ಕೈ ಸೋಲುತ್ತದೆ. ಕೈಕಾಲು ಇರುತ್ತವೆ, ಜೀವವೂ ಇರುತ್ತದೆ, ಆದರೆ ಭಾರ ಹೊರಲು ಇನ್ನು ಆಗುವುದಿಲ್ಲ. ರೆಕ್ಕೆಗೆ ಆಗುವುದೂ ಇದೇ. ಅದು ಮುರಿದಿಲ್ಲ, ನಿಂತಿಲ್ಲ, ಹೊರುವ ಶಕ್ತಿ ಸೋತಿದೆ. ಓರೆ ಇಳಿಸಿ ಸುಧಾರಿಸಿಕೊಳ್ಳಲು ಬಿಟ್ಟರೆ ಮತ್ತೆ ಹೊರುತ್ತದೆ. ಹಾಗಾಗಿ ನಾಮಪದಕ್ಕೆ 'ರೆಕ್ಕೆಸೋಲು', ಮಾತಿನಲ್ಲಿ 'ರೆಕ್ಕೆ ಸೋತಿತು' ಎಂದು ಬರೆಯತೊಡಗಿದೆ. ಬರೆಯುತ್ತಾ ಹೋದಂತೆ ಇಷ್ಟವಾಯಿತು. ರೆಕ್ಕೆಯ ತುದಿ ಮಾತ್ರ ಮೊದಲು ಸೋತು ಒಂದೇ ಪಕ್ಕಕ್ಕೆ ಬೀಳುವುದಕ್ಕೆ 'ತುದಿಸೋಲು' ಎಂಬ ಪದವೂ ತಾನಾಗಿ ಬಂತು. ನನ್ನ ಮಸ್ಟಾಂಗಿಗೆ ಆಗಿದ್ದು ಅದೇ. ಇದನ್ನು ತಡೆಯಲು ರೆಕ್ಕೆಯ ತುದಿಯನ್ನು ಒಂದೆರಡು ಡಿಗ್ರಿ ಕೆಳಮುಖವಾಗಿ ತಿರುಚಿ ಕಟ್ಟುತ್ತಾರೆ. ನಿಜವಾದ ಸ್ಪಿಟ್‌ಫೈರ್‌ನಲ್ಲಿ ಬುಡದ ಹತ್ತಿರ ರೆಕ್ಕೆ 2 ಡಿಗ್ರಿ ಮೇಲಕ್ಕೆ, ತುದಿಯಲ್ಲಿ ಅರ್ಧ ಡಿಗ್ರಿ ಕೆಳಕ್ಕೆ ಇತ್ತು. ಬುಡ ಮೊದಲು ಸೋಲುತ್ತದೆ, ತುದಿ ಇನ್ನೂ ಹೊರುತ್ತಿರುತ್ತದೆ. ಹಾರಿಸುವವನಿಗೆ ಎಚ್ಚರಿಕೆ ಸಿಗುತ್ತದೆ. ಆ ತಿರುಚಿಗೆ 'ತುದಿತಿರುಚು' ಎಂದಿದ್ದೇನೆ.

ಇಲ್ಲಿ ಅಳತೆಯ ಪದಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ನನಗೆ ತುಂಬಾ ಖುಷಿ ಕೊಟ್ಟ ಸಂಗತಿ ಇದು. ಈಗ ನಾನು ಕಾಲು ಅಳತೆಯ ಸ್ಪಿಟ್‌ಫೈರ್ ಕಟ್ಟುತ್ತಿದ್ದೇನೆ. 11.23 ಮೀಟರ್ ಇದ್ದ ರೆಕ್ಕೆ ನನ್ನ ಮೇಜಿನ ಮೇಲೆ 2.81 ಮೀಟರ್. ಉದ್ದ ಕಾಲು ಭಾಗವಾದರೆ ರೆಕ್ಕೆಯ ಹರವು, ಅಂದರೆ ವಿಸ್ತೀರ್ಣ, ನಾಲ್ಕರಲ್ಲಿ ಒಂದಾಗುವುದಿಲ್ಲ, ಹದಿನಾರರಲ್ಲಿ ಒಂದಾಗುತ್ತದೆ. ಸುಮಾರು 22.5 ಚದರ ಮೀಟರ್ ಇದ್ದದ್ದು 1.4 ಆಗುತ್ತದೆ. ಉದ್ದ, ಅಗಲ, ದಪ್ಪ ಮೂರೂ ಕಾಲು ಭಾಗವಾಗುವುದರಿಂದ ತೂಕ ಅರುವತ್ತನಾಲ್ಕರಲ್ಲಿ ಒಂದಾಗಬೇಕು. ಹೊಸಬರಿಗೆ ಇದು ತಲೆಗೆ ಹೋಗುವುದು ಕಷ್ಟ. ನಮ್ಮ ಹಳೆಯ ಲೆಕ್ಕದಲ್ಲಿ ಇವಕ್ಕೆ ಹೆಸರುಗಳೇ ಇವೆ! ಹದಿನಾರರಲ್ಲಿ ಒಂದು ಅಂದರೆ ವೀಸ. ಅರುವತ್ತನಾಲ್ಕರಲ್ಲಿ ಒಂದು ಅಂದರೆ ಕಾಲು ವೀಸ. 'ಉದ್ದ ಕಾಲು, ಹರವು ವೀಸ, ತೂಕ ಕಾಲು ವೀಸ.' ಕೈಪಿಡಿಯಲ್ಲಿ ಒಂದು ಪುಟ ಆಗುತ್ತಿದ್ದ ವಿವರಣೆ ಒಂದು ಸಾಲಿಗೆ ಇಳಿಯಿತು. ವೀಸ ಎಂಬ ಪದ ಇವತ್ತಿನ ಓದುಗರಿಗೆ ಗೊತ್ತಿಲ್ಲದೆ ಇರಬಹುದು. ಆದರೂ ಒಮ್ಮೆ ಹೇಳಿಕೊಟ್ಟರೆ ಮರೆಯುವುದಿಲ್ಲ ಎಂದು ನನಗನ್ನಿಸುತ್ತದೆ.

ಇದಕ್ಕೂ ರೆಕ್ಕೆಸೋಲಿಗೂ ನಂಟಿದೆ. ಹರವು ವೀಸ, ತೂಕ ಕಾಲು ವೀಸ ಆದಾಗ ರೆಕ್ಕೆಯ ಪ್ರತಿ ಚದರ ಮೀಟರ್ ಹೊರುವ ಭಾರ ಕಾಲು ಭಾಗಕ್ಕೆ ಇಳಿಯುತ್ತದೆ. ಆಗ ರೆಕ್ಕೆ ಸೋಲುವ ವೇಗ ಅರ್ಧಕ್ಕೆ ಇಳಿಯುತ್ತದೆ. ದೊಡ್ಡದು ಗಂಟೆಗೆ 120 ಕಿ.ಮೀ.ಗೆ ಸೋತರೆ ಮಾದರಿ 60ಕ್ಕೆ ಸೋಲುತ್ತದೆ. ನಾವು ಕಟ್ಟುವ ಮಾದರಿಗಳು ಸಾಮಾನ್ಯವಾಗಿ ಕಾಲು ವೀಸಕ್ಕಿಂತಲೂ ಹಗುರ. ಹಾಗಾಗಿ ಇನ್ನೂ ನಿಧಾನಕ್ಕೆ ಹಾರಿಸಬಹುದು. ಆದರೆ ತಿರುವಿನಲ್ಲಿ ಈ ಲೆಕ್ಕ ಮೋಸ ಮಾಡುತ್ತದೆ. 60 ಡಿಗ್ರಿ ವಾಲಿಸಿ, ಎತ್ತರ ಬಿಡದೆ ತಿರುಗಿಸಿದರೆ ರೆಕ್ಕೆಯ ಮೇಲಿನ ಭಾರ ಎರಡರಷ್ಟಾಗುತ್ತದೆ. 60 ಕಿ.ಮೀ.ಗೆ ಸೋಲಬೇಕಾದ ರೆಕ್ಕೆ ಸುಮಾರು 85ಕ್ಕೇ ಸೋಲುತ್ತದೆ. 'ಭಾರ ಜಾಸ್ತಿಯಾಯಿತು, ರೆಕ್ಕೆ ಸೋತಿತು' ಎಂದರೆ ಇದು ಎಷ್ಟು ಸಹಜವಾಗಿ ಅರ್ಥವಾಗುತ್ತದೆ ನೋಡಿ. 'ಸ್ಥಗಿತ' ಇಟ್ಟು ಈ ವಾಕ್ಯ ಬರೆಯಲು ಆಗುವುದೇ ಇಲ್ಲ.

ಉಳಿದ ಪದಗಳನ್ನು ಬೇಗ ಹೇಳಿಬಿಡುತ್ತೇನೆ. ರೆಕ್ಕೆಯೊಳಗಿನ ಅಡ್ಡಹಲಗೆಗಳಿಗೆ ಪಕ್ಕೆಲುಬು, ಉದ್ದಕ್ಕೆ ಹೋಗುವ ಗಟ್ಟಿ ಮರಕ್ಕೆ ತೊಲೆ, ತೆಳು ಪಟ್ಟಿಗಳಿಗೆ ಬಡಗಿಗಳು ಹೇಳುವ ರೀಪು. ರಡ್ಡರ್‌ಗೆ ದೋಣಿಯ ಚುಕ್ಕಾಣಿಯೇ ಸಾಕು. ವಿಮಾನವನ್ನು ಪಕ್ಕಕ್ಕೆ ವಾಲಿಸುವ ಏಲೆರಾನ್ ಎಂಬುದು ಫ್ರೆಂಚಿನಲ್ಲಿ ಚಿಕ್ಕ ರೆಕ್ಕೆ, ಹಾಗಾಗಿ ಮರಿರೆಕ್ಕೆ. ವಿಮಾನದ ಮೈಗೆ ಹೇಳುವ ಫ್ಯೂಸಿಲಾಜ್ ಕೂಡ ಫ್ರೆಂಚಿನಿಂದ ಬಂದದ್ದು, ನೂಲುವ ಕದಿರಿನ ಆಕಾರದ್ದು ಎಂದು ಅರ್ಥ. ಕದಿರು ನೋಡಿದವರು ಈಗ ಕಡಿಮೆ, ಒಡಲು ಎಂದಿದ್ದೇನೆ. ಮೂಗು ಏರಿಳಿಸುವ ಎಲಿವೇಟರ್, ಇವನ್ನೆಲ್ಲ ಅಲುಗಿಸುವ ಪುಟ್ಟ ಮೋಟಾರು ಸರ್ವೊ, ಥ್ರಾಟಲ್ ಹಾಗೇ ಉಳಿದಿವೆ. ಇವುಗಳ ಬಗ್ಗೆ ನನಗೆ ಹೆಚ್ಚು ಚಿಂತೆಯಿಲ್ಲ.

ನನ್ನ ಅನುಮಾನಗಳು 'ಸೋಲು' ಬಗ್ಗೆಯೇ.

ಇವು ಯುದ್ಧವಿಮಾನಗಳು. 'ತಿರುವಿನಲ್ಲಿ ಸ್ಪಿಟ್‌ಫೈರ್ ಸೋತಿತು' ಎಂದು ಬರೆದರೆ ಕಾಳಗದಲ್ಲಿ ಸೋತಿತು ಎಂದೇ ಓದುತ್ತಾರೆ. ಹಾಗಾಗಿ ಪ್ರತಿ ಸಲವೂ 'ರೆಕ್ಕೆ' ಸೇರಿಸಲೇಬೇಕು. ಬರಹದಲ್ಲಿ ಅದು ತೊಂದರೆಯಲ್ಲ. ಮೈದಾನದಲ್ಲಿ ಕೂಗುವಾಗ ತೊಂದರೆ. ಅಲ್ಲಿ ಒಂದು ಸೆಕೆಂಡಿಗಿಂತ ಜಾಸ್ತಿ ಇರುವುದಿಲ್ಲ. 'ರೆಕ್ಕೆ!' ಎಂದಷ್ಟೇ ಕೂಗಿದರೆ ಹೇಗೆ ಎಂದು ಯೋಚಿಸಿದೆ. ರೆಕ್ಕೆ ಮುರಿಯಿತು ಎಂದುಕೊಂಡರೆ? 'ಮೂಗು ಇಳಿಸು!' ಎಂದು ಮಾಡಬೇಕಾದ್ದನ್ನೇ ಕೂಗುವುದು ಎಲ್ಲಕ್ಕಿಂತ ಸುರಕ್ಷಿತ ಎಂದು ಈಗ ಅನ್ನಿಸುತ್ತಿದೆ. ಅಂದು ನಾನು ಹಾಗೆ ಕೂಗಿದ್ದರೆ ಮಸ್ಟಾಂಗ್ ಉಳಿಯುತ್ತಿತ್ತೇನೋ. ಆದರೂ ಆಗಿದ್ದಕ್ಕೆ ಒಂದು ಹೆಸರಂತೂ ಬೇಕಲ್ಲ.

ಇನ್ನೊಂದು, 'ಸೋಲುವೇಗ' ಎಂದು ಬರೆಯಬಹುದೇ? ಕನ್ನಡದ ಸೋಲಿಗೆ ಸಂಸ್ಕೃತದ ವೇಗ ಸೇರಿದರೆ ಅರಿಸಮಾಸ ಎಂದು ಕೆಲವರು ಬೇಡ ಅನ್ನಬಹುದು. 'ಸೋಲುವ ವೇಗ' ಎಂದು ಬಿಡಿಸಿ ಬರೆದರೆ ಆ ತಕರಾರು ಇಲ್ಲ, ಆದರೆ ಪಟ್ಟಿಗಳಲ್ಲಿ, ಚಿತ್ರಗಳ ಕೆಳಗೆ ಉದ್ದವಾಗುತ್ತದೆ. ನನಗೆ 'ಸೋಲುವೇಗ' ಕಿವಿಗೆ ಚೆನ್ನಾಗಿಯೇ ಕೇಳುತ್ತದೆ. ನೀವೇನಂತೀರಿ?

ಕೊನೆಯದಾಗಿ, ಗಾಳಿಪಟ ಹಾರಿಸುವವರು ಮತ್ತು ಪಾರಿವಾಳ ಸಾಕುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ಅವರನ್ನು ಕೇಳಬೇಕು. ಗಾಳಿಪಟದ ಮೂಗು ಅತಿಯಾಗಿ ಎದ್ದು, ದಾರ ಬಿಗಿಯಾಗಿದ್ದರೂ ಅದು ಒಮ್ಮೆಲೇ ಬಲ ಕಳೆದುಕೊಂಡು ಜಾರುತ್ತದಲ್ಲ, ಅದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ಹಕ್ಕಿ ಕೊಂಬೆಯ ಮೇಲೆ ಇಳಿಯುವ ಮುಂಚೆ ರೆಕ್ಕೆ ಮೇಲಕ್ಕೆ ತಿರುಗಿಸಿ, ಬೇಕೆಂದೇ ಬಲ ಬಿಟ್ಟು ಕೂರುತ್ತದಲ್ಲ, ಅದಕ್ಕೆ? ಇಂಥ ಪದ ಒಂದು ಸಿಕ್ಕರೆ 'ರೆಕ್ಕೆಸೋಲು' ಬಿಟ್ಟುಕೊಡಲು ನಾನು ತಯಾರಿದ್ದೇನೆ. ಕೈಪಿಡಿಯ ಆ ಅಧ್ಯಾಯವನ್ನು ನಿಮ್ಮ ಉತ್ತರ ಬರುವವರೆಗೆ ಹಾಗೇ ಇಟ್ಟಿರುತ್ತೇನೆ.